ಮೆಕ್ಸಿಕನ್-ಅಮೆರಿಕನ್ ಹೋಟೆಲಿನಲ್ಲಿ ಸಸ್ಯಾಹಾರಿಗಳು ವಿಚಾರಿಸಬೇಕಾದ ಸಂಗತಿಗಳು

ಟೆಕ್ಸಾಸ್, ಕ್ಯಾಲಿಫೋರ್ನಿಯಾ ಮುಂತಾದ ಕಡೆಗೆ ಹೊಸದಾಗಿ ಬಂದಿರುವ ಸಸ್ಯಾಹಾರಿ ಕನ್ನಡಿಗರಿಗೆ ಮನೆ ಹತ್ತಿರದ ಮೆಕ್ಸಿಕನ್-ಅಮೆರಿಕನ್ ಹೋಟೆಲು ಬೇಗ ಒಗ್ಗುತ್ತದೆ. ಕಾಳು, ಅನ್ನ, ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಎಲ್ಲವೂ ಅಲ್ಲಿ ಇರುತ್ತವೆ. ಆದರೆ ಮಾಂಸದ ತುಂಡು ಕಾಣಿಸಲಿಲ್ಲ ಎಂಬ ಮಾತ್ರಕ್ಕೆ ಪದಾರ್ಥ ಸಸ್ಯಾಹಾರವೆಂದು ಭಾವಿಸಬಾರದು. ರಿಫ್ರೈಡ್ ಬೀನ್ಸ್, ಅಂದರೆ ಬೇಯಿಸಿ ಹಿಸುಕಿ ಹುರಿದ ಕಾಳನ್ನು, ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಹಾಕಿ ಮಾಡುತ್ತಾರೆ, ಕೆಂಬಣ್ಣದ ಅನ್ನವನ್ನು ಅನೇಕ ಕಡೆ ಕೋಳಿ ಬೇಯಿಸಿದ ನೀರಿನಲ್ಲಿ ಬೇಯಿಸುತ್ತಾರೆ, ಟೆಕ್ಸಾಸ್ ಶೈಲಿಯ ಚೀಸ್ ಎಂಚಿಲಾಡದ (ಚೀಸ್ ತುಂಬಿ ಸುರುಳಿ ಸುತ್ತಿದ ರೊಟ್ಟಿ) ಮೇಲೆ ಸುರಿಯುವ ಗ್ರೇವಿಯಲ್ಲಿ ಗೋಮಾಂಸದ ಖೀಮಾ ಇರುವುದೂ ಉಂಟು. ಆದ್ದರಿಂದ ವೆಜಿಟೇರಿಯನ್ ಹೌದೇ ಎಂದಷ್ಟೇ ಕೇಳದೆ, ಲಾರ್ಡ್ (ಹಂದಿಯ ಕೊಬ್ಬು) ಅಥವಾ ಚಿಕನ್ ಬ್ರಾತ್ (ಕೋಳಿ ಬೇಯಿಸಿದ ನೀರು) ಹಾಕಿದ್ದೀರಾ ಎಂದು ಹೆಸರು ಹಿಡಿದೇ ವಿಚಾರಿಸಿ. ಬಡಿಸುವವರಿಗೆ ಖಚಿತವಿಲ್ಲದಿದ್ದರೆ ಅಡುಗೆಮನೆಯಲ್ಲಿ ಕೇಳಿ ಬರುವಂತೆ ವಿನಂತಿಸುವುದರಲ್ಲಿ ಸಂಕೋಚ ಬೇಡ.

ಮೈದಾದ ಟೋರ್ಟಿಯಾದಲ್ಲೂ (ಅಲ್ಲಿನ ತೆಳು ರೊಟ್ಟಿ) ಕೊಬ್ಬು ಇರಬಹುದಾದ್ದರಿಂದ ಜೋಳದ, ಅಂದರೆ ಮೆಕ್ಕೆಜೋಳದ, ಟೋರ್ಟಿಯಾ ಕೇಳುವುದು ಮೇಲು. ನನ್ನ ಮಟ್ಟಿಗೆ ಅದರ ರುಚಿಯೂ ಹೆಚ್ಚು. ತರಕಾರಿ ಫಹೀಟಾ (ಟೋರ್ಟಿಯಾ ಜೊತೆ ಕೊಡುವ ಹುರಿದ ತರಕಾರಿ) ಮತ್ತು ಗ್ವಾಕಮೋಲೆ (ಬೆಣ್ಣೆಹಣ್ಣಿನ ಚಟ್ನಿ) ಸಾಮಾನ್ಯವಾಗಿ ಸುರಕ್ಷಿತ ಆಯ್ಕೆಗಳು. ಆದರೂ ತರಕಾರಿಯನ್ನು ಮಾಂಸ ಬೇಯಿಸುವ ಕಾವಲಿಯ ಮೇಲೆಯೇ ಹುರಿಯುತ್ತಾರೆಯೇ ಎಂಬುದನ್ನು ಕಟ್ಟುನಿಟ್ಟಿನವರು ಮೊದಲೇ ತಿಳಿದುಕೊಳ್ಳಬೇಕು. ಕುಳಿತ ಕೂಡಲೇ ತಂದಿಡುವ ಚಿಪ್ಸ್ ಮತ್ತು ಸಾಲ್ಸಾ (ಖಾರದ ಟೊಮೇಟೊ ಚಟ್ನಿ) ಹಲವೆಡೆ ಉಚಿತ, ಆದರೆ ಅದರಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಮುಖ್ಯ ತಟ್ಟೆ ಉಳಿದುಹೋಗುತ್ತದೆ. ಬಡಿಸಿದವರಿಗೆ ಬಿಲ್ಲಿನ ಶೇ. 15ರಿಂದ 20ರಷ್ಟು ಟಿಪ್ಸ್ ಕೊಡುವುದು ಅಲ್ಲಿನ ರೂಢಿ.