ಕ್ಯಾಲಿಫೋರ್ನಿಯಾದಲ್ಲಿ ತಿಂಗಳ ಬಾಡಿಗೆಯ ಮನೆ ಬಿಡುವಾಗ: ನೋಟಿಸು ಮತ್ತು ಅಡ್ವಾನ್ಸ್

ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು ಮನೆ ಬಿಡುವ ಮುನ್ನ ಕೆಳಗಿಳಿದು ಬಂದು, "ಅಮ್ಮಾ, ಬರೋ ತಿಂಗಳು ಖಾಲಿ ಮಾಡ್ತೀವಿ" ಎಂದು ನನ್ನ ತಾಯಿಗೆ ಹೇಳುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ತಿಂಗಳ ಬಾಡಿಗೆಗೆ 15 ದಿನಗಳ ಲಿಖಿತ ನೋಟಿಸು ಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಹೇಳುತ್ತದೆಯಾದರೂ ನಮ್ಮ ಬೀದಿಯಲ್ಲಿ ಯಾರೂ ಕಾಗದ ಬರೆದದ್ದನ್ನು ನಾನು ಕಂಡಿಲ್ಲ. ಅದೇ ರೂಢಿಯಲ್ಲಿ ನಾನು ಕ್ಯಾಲಿಫೋರ್ನಿಯಾದಲ್ಲಿ ಮ್ಯಾನೇಜರಿಗೆ ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಾದೆ. ಲೆಕ್ಕ ಶುರುವಾಗುವುದು ಬರಹದಲ್ಲಿ ಕೊಟ್ಟ ದಿನದಿಂದ ಎಂದು ತಿಳಿಯುವಷ್ಟರಲ್ಲಿ, ನಾನು ವಾಸವಿಲ್ಲದ ಮನೆಗೆ 19 ದಿನಗಳ ಬಾಡಿಗೆ ತೆರಬೇಕಾಯಿತು. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿದವರಿಗೆ ಆ ನಷ್ಟ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ವರ್ಷದ ಕರಾರು ಮುಗಿದ ಮೇಲೂ ನೀವು ಬಾಡಿಗೆ ಕೊಡುತ್ತಾ, ಮಾಲೀಕರು ಅದನ್ನು ಸ್ವೀಕರಿಸುತ್ತಾ ಬಂದಿದ್ದರೆ, ಸಾಮಾನ್ಯವಾಗಿ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಅದನ್ನು ಬಿಡಲು ಬಾಡಿಗೆದಾರರು 30 ದಿನ ಮೊದಲು ಲಿಖಿತ ನೋಟಿಸು ಕೊಡಬೇಕು. ವರ್ಷ ತುಂಬಿದ ಬಾಡಿಗೆದಾರರನ್ನು ಬಿಡಿಸಲು ಮಾಲೀಕರಿಗೆ 60 ದಿನ ಬೇಕು. ಆ 60 ನಿಮಗೂ ಅನ್ವಯಿಸುತ್ತದೆಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ, ನಿಮ್ಮ ಕರಾರನ್ನು ಒಮ್ಮೆ ಓದಿ ನೋಡಿ. ಇದು ಕ್ಯಾಲಿಫೋರ್ನಿಯಾದ ಮಾತು. ಪ್ರತಿ ರಾಜ್ಯದ ಕಾನೂನು ಬೇರೆ.

ನೋಟಿಸನ್ನು ಒಂದನೇ ತಾರೀಖೇ ಕೊಡಬೇಕೆಂದಿಲ್ಲ. ಜೂನ್ 10ರಂದು ಕೊಟ್ಟರೆ ಬಾಡಿಗೆ ಜುಲೈ 10ಕ್ಕೆ ಮುಗಿಯುತ್ತದೆ. ತಿಂಗಳಿಗೆ 2,400 ಡಾಲರ್ ಆಗಿದ್ದರೆ ದಿನಕ್ಕೆ 80ರಂತೆ ಜುಲೈಯ ಹತ್ತು ದಿನಕ್ಕೆ 800 ಡಾಲರ್ ಕೊಟ್ಟರಾಯಿತು. ಪತ್ರ ನಾಲ್ಕು ಸಾಲಿದ್ದರೆ ಸಾಕು: ಬರೆದ ತಾರೀಖು, ಮನೆಯ ವಿಳಾಸ, ಖಾಲಿ ಮಾಡುವ ತಾರೀಖು, ಅಡ್ವಾನ್ಸ್ ಕಳಿಸಬೇಕಾದ ವಿಳಾಸ, ಕೆಳಗೆ ಸಹಿ. ಅದನ್ನು ಕೈಯಾರೆ ಕೊಟ್ಟು ನಕಲಿನ ಮೇಲೆ ತಾರೀಖು ಹಾಕಿಸಿಕೊಳ್ಳಿ, ಇಲ್ಲವೇ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಾಟ್ಸಾಪ್ ಸಂದೇಶವನ್ನು ಮಾತ್ರ ನೆಚ್ಚಿಕೊಳ್ಳಬೇಡಿ.

ನಮ್ಮವರು ಹೆಚ್ಚಾಗಿ ಹಣ ಕಳೆದುಕೊಳ್ಳುವುದು ಅಡ್ವಾನ್ಸಿನಲ್ಲಿ ಎಂಬುದು ನನ್ನ ಅನುಭವ. ಬಾಡಿಗೆ ಮುಗಿಯುವ ಎರಡು ವಾರಗಳೊಳಗೆ ಮಾಲೀಕರು ಬಂದು ಮನೆ ನೋಡಿ, ಯಾವುದಕ್ಕೆ ಹಣ ಮುರಿಯಬಹುದೆಂದು ಪಟ್ಟಿ ಕೊಡಬೇಕೆಂದು ನೀವು ಕೇಳಬಹುದು. ಅದು ನಿಮ್ಮ ಹಕ್ಕು, ದಾಕ್ಷಿಣ್ಯ ಬೇಡ. ನನ್ನ ಪಟ್ಟಿಯಲ್ಲಿ ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನಿನ ಜಾಲರಿ ಇತ್ತು. ಎರಡು ವರ್ಷದ ಒಗ್ಗರಣೆಯ ಎಣ್ಣೆ ಅದರ ಮೇಲೆ ಜೇನಿನಂತೆ ಅಂಟಿತ್ತು. ಬಿಸಿನೀರು, ಅಡುಗೆ ಸೋಡಾದಲ್ಲಿ ಒಂದು ರಾತ್ರಿ ನೆನೆಸಿ ಉಜ್ಜಿದ ಮೇಲೆ ಬೆಳ್ಳಗಾಯಿತು, ಆ ಬಾಬ್ತಿನ ಹಣವೂ ಉಳಿಯಿತು. ನೀವು ಬಂದಾಗ ಮನೆ ಎಷ್ಟು ಸ್ವಚ್ಛವಾಗಿತ್ತೋ ಅಷ್ಟು ಸ್ವಚ್ಛ ಮಾಡಿಕೊಟ್ಟರೆ ಸಾಕೆಂಬುದು ಕಾನೂನು. ವಾಸದಿಂದ ಸಹಜವಾಗಿ ಸವೆದ ಕಾರ್ಪೆಟ್ಟಿಗೋ ಮಾಸಿದ ಬಣ್ಣಕ್ಕೋ ಹಣ ಹಿಡಿಯುವಂತಿಲ್ಲ. ನಮ್ಮೂರಿನ ಪೇಂಟಿಂಗ್ ಖರ್ಚಿನ ಪದ್ಧತಿ ಅಲ್ಲಿಲ್ಲ. ಬೀಗದ ಕೈ ಕೊಡುವ ದಿನ ಪ್ರತಿ ಕೋಣೆಯ, ಫ್ರಿಡ್ಜಿನ ಒಳಗಿನ ಫೋಟೋ ತೆಗೆದಿಡಿ. 2025ರ ಏಪ್ರಿಲ್‌ನಿಂದ ಮಾಲೀಕರೂ ಫೋಟೋ ತೆಗೆಯಬೇಕೆಂಬ ನಿಯಮವಿದೆ.

ಖಾಲಿ ಮಾಡಿದ 21 ದಿನಗಳೊಳಗೆ ಉಳಿದ ಹಣವೂ ಮುರಿದುಕೊಂಡದ್ದರ ವಿವರವೂ ನಿಮಗೆ ಬರಬೇಕು. ರಿಪೇರಿ ಮತ್ತು ಸ್ವಚ್ಛತೆಗೆ ಮುರಿದದ್ದು 125 ಡಾಲರ್ ಮೀರಿದರೆ ರಸೀದಿಗಳನ್ನೂ ಲಗತ್ತಿಸಬೇಕು. ಬಾರದಿದ್ದರೆ ಮೊದಲು ಪತ್ರ ಬರೆಯಿರಿ, ಆಮೇಲೆ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯವಿದೆ. ಅಲ್ಲಿ 12,500 ಡಾಲರ್‌ವರೆಗಿನ ದಾವೆಯನ್ನು ವಕೀಲರಿಲ್ಲದೆ ನೀವೇ ನಡೆಸಬಹುದು. ದುರುದ್ದೇಶದಿಂದ ಹಿಡಿದಿಟ್ಟದ್ದು ಸಾಬೀತಾದರೆ ಅಡ್ವಾನ್ಸಿನ ಎರಡು ಪಟ್ಟಿನವರೆಗೆ ದಂಡವನ್ನೂ ಕೊಡಿಸಬಹುದು.

ಊರಿಗೇ ಮರಳುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಡಾಲರ್ ಚೆಕ್ಕು ತೀರ್ಥಹಳ್ಳಿಯ ಮನೆಗೆ ತಲುಪಿದರೂ ಅದನ್ನು ನಗದಾಗಿಸುವುದು ಬಹಳ ತೊಡಕಿನ ಕೆಲಸ. ನೋಟಿಸು ಕೊಟ್ಟ ಮೇಲೆ ಇಬ್ಬರೂ ಒಪ್ಪಿದರೆ ಅಡ್ವಾನ್ಸನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಬಹುದು. ಆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಹಣ ಬಂದು ಸೇರುವವರೆಗೆ ಅಲ್ಲಿನ ಖಾತೆಯನ್ನು ಮುಚ್ಚಬೇಡಿ.