ಬೆಂಗಳೂರಲ್ಲಿ ರೂಮು: ಬಾಡಿಗೆ ಕೇಳುವ ಮೊದಲು ಚೆಕ್‌ಔಟ್ ಕೇಳಿ

ಬೆಂಗಳೂರಿನ ಲಾಡ್ಜ್‌ಗೆ ಫೋನ್ ಮಾಡಿದಾಗ ನಾನು ಮೊದಲು ಕೇಳುವುದು ‘24 ಗಂಟೆ ಚೆಕ್‌ಔಟಾ, ಮಧ್ಯಾಹ್ನ 12ಕ್ಕಾ?’ ಎಂದು. ಬಾಡಿಗೆಯ ಮಾತು ಆಮೇಲೆ. ಊರಿಂದ ಬರುವ ರಾತ್ರಿ ಬಸ್ಸು, ರೈಲುಗಳು ಹೆಚ್ಚಾಗಿ ಬೆಳಗಿನ ಜಾವ ಇಳಿಸುತ್ತವೆ, ವಾಪಸ್ ಹೊರಡುವುದೂ ರಾತ್ರಿಯೇ. ಹಾಗಾಗಿ ಖರ್ಚು ಎಷ್ಟಾಗುತ್ತದೆ ಎನ್ನುವುದು ಈ ಉತ್ತರದ ಮೇಲೆ ನಿಂತಿದೆ.

ಸೋಮವಾರ ಬೆಳಗ್ಗೆ 6ಕ್ಕೆ ಬಂದು ಮಂಗಳವಾರ ರಾತ್ರಿ 9ಕ್ಕೆ ಹೊರಡುತ್ತೀರಿ, ಬಾಡಿಗೆ 900 ರೂಪಾಯಿ ಎಂದಿಟ್ಟುಕೊಳ್ಳಿ. 24 ಗಂಟೆ ಲೆಕ್ಕದಲ್ಲಿ, ಅಂದರೆ ನೀವು ಬಂದ ಸಮಯದಿಂದ ಎಣಿಸಿದರೆ, ಎರಡು ದಿನ, 1,800. ಮಧ್ಯಾಹ್ನದ ಲೆಕ್ಕದಲ್ಲಾದರೆ ಸೋಮವಾರ 12ಕ್ಕೇ ಒಂದು ದಿನ ಮುಗಿಯಿತು, ಮಂಗಳವಾರ 12ಕ್ಕೆ ಇನ್ನೊಂದು, ಆಮೇಲಿನದು ಮೂರನೆಯದು. ಆ್ಯಪ್‌ನಲ್ಲಿ ಅಗ್ಗವಾಗಿ ಕಂಡ 700ರ ರೂಮು ಕೂಡ ಹೀಗೆ 2,100 ಆಗುತ್ತದೆ.

24 ಗಂಟೆ ಲೆಕ್ಕದ ಹಳೆಯ ಲಾಡ್ಜ್‌ಗಳು ಮೆಜೆಸ್ಟಿಕ್ ಸುತ್ತಲಿನ ಗಾಂಧಿನಗರ, ಉಪ್ಪಾರಪೇಟೆ, ಕಾಟನ್‌ಪೇಟೆಗಳಲ್ಲಿ ಸಿಗುತ್ತವೆ. ಎಸಿ ಇಲ್ಲದ ಸಿಂಗಲ್ ರೂಮು ಸಾಮಾನ್ಯವಾಗಿ ಸಾವಿರದ ಆಸುಪಾಸು. ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಸಮಯವನ್ನು ಅಲ್ಲೇ ನಿಂತು ನೋಡಿ. 6.40ಕ್ಕೆ ಕೀಲಿ ಕೊಟ್ಟು 6 ಎಂದು ಬರೆದರೆ ತಿದ್ದಿಸಿ, ಆ ಸಾಲಿನ ಫೋಟೊ ತೆಗೆದುಕೊಳ್ಳಿ. ಹೊರಡುವ ದಿನ ಒಂದು ಗಂಟೆ ಮೀರಿದರೂ ಪೂರ್ತಿ ದಿನದ ಬಾಡಿಗೆ ಕೇಳುವವರಿದ್ದಾರೆ. ಜಗಳ ಶುರುವಾಗುವುದು ಅಲ್ಲೇ.

ಬಸ್ ನಿಲ್ದಾಣದ ಹೊರಗೆ ‘ರೂಮ್ ಬೇಕಾ ಸರ್’ ಎನ್ನುವವರ ಹಿಂದೆ ಹೋಗಬೇಡಿ. ಅವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ. ಆ್ಯಪ್‌ನಲ್ಲಿ ದರ ನೋಡಿಕೊಂಡು ಕೌಂಟರಿಗೇ ಹೋಗಿ ‘ಟ್ಯಾಕ್ಸ್ ಸೇರಿ ಒಟ್ಟು ಎಷ್ಟು?’ ಎಂದು ಕೇಳುವುದು ನನ್ನ ಕ್ರಮ. ಆ್ಯಪ್‌ಗೆ ಕೊಡಬೇಕಾದ ಕಮಿಷನ್ ಉಳಿಯುವುದರಿಂದ ಎಷ್ಟೋ ಕಡೆ ನೂರು ಇನ್ನೂರು ಇಳಿಸುತ್ತಾರೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಈಗಲೂ ಶೇ 12 ಹಾಕಿದರೆ ಬಿಲ್ ಕೇಳಿ. ಮ್ಯಾಪ್‌ನಲ್ಲಿ ಸಿಕ್ಕ ನಂಬರಿಗೆ ಮುಂಗಡ ಕಳಿಸುವುದು ಬೇಡ, ಲಾಡ್ಜ್ ಹೆಸರಿನಲ್ಲಿ ಬೇರೆಯವರ ನಂಬರ್ ಹಾಕಿ ದುಡ್ಡು ಹೊಡೆಯುವವರಿದ್ದಾರೆ. ಎಲ್ಲರದ್ದೂ ಆಧಾರ್ ಇರಲಿ. ವಿಳಾಸ ಬೆಂಗಳೂರಿನದೇ ಆಗಿದ್ದರೆ ಕೆಲವು ಕಡೆ ರೂಮು ಕೊಡುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ದುಡ್ಡು ಕೊಡುವ ಮುಂಚೆ ರೂಮು ನೋಡಲೇಬೇಕು. ತಿಗಣೆ ಇದ್ದರೆ ಬಾಡಿಗೆ ಎಷ್ಟು ಕಡಿಮೆಯಾದರೂ ಅದು ದುಬಾರಿಯೇ, ಬ್ಯಾಗಿನಲ್ಲಿ ಮನೆವರೆಗೂ ಬರುತ್ತವೆ. ಬೆಡ್‌ಶೀಟಿನ ತಲೆಕಡೆಯ ಮೂಲೆ ಎತ್ತಿ ಹಾಸಿಗೆಯ ಹೊಲಿಗೆಗುಂಟ ಮೊಬೈಲ್ ಟಾರ್ಚ್ ಬಿಡಿ. ಪೆನ್ನಿನ ತುದಿ ಒತ್ತಿದಂಥ ಕಪ್ಪು ಚುಕ್ಕೆಗಳ ಸಾಲು ಕಂಡರೆ ಅದು ತಿಗಣೆಯ ಹಿಕ್ಕೆ. ಮಂಚದ ಪ್ಲೈವುಡ್ ಗೋಡೆಗೆ ತಾಗುವ ಸಂದಿಯನ್ನೂ ನೋಡಿ. ಹೊಸ ಬೆಡ್‌ಶೀಟ್ ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ, ತಿಗಣೆ ಇರುವುದು ಬೆಡ್‌ಶೀಟಿನಲ್ಲಲ್ಲ. ಬಿಸಿನೀರು ಎಷ್ಟು ಹೊತ್ತಿನವರೆಗೆ ಎಂದೂ ಕೇಳಿ. ಕೆಲವು ಕಡೆ 9ಕ್ಕೆ ನಿಲ್ಲಿಸುತ್ತಾರೆ. ರಸ್ತೆ ಕಡೆಯ ರೂಮಿಗಿಂತ ಹಿಂದಿನದು ನಿದ್ದೆಗೆ ಒಳ್ಳೆಯದು, ಆದರೆ ಕಿಟಕಿ ಇರಬೇಕು.

ಕೆಲಸ ಊರಿನ ಇನ್ನೊಂದು ಮೂಲೆಯಲ್ಲಿದ್ದರೂ ಮೆಜೆಸ್ಟಿಕ್ ಸರಿಹೋಗಬಹುದು, ಏಕೆಂದರೆ ಮೆಟ್ರೊದ ನೇರಳೆ ಮತ್ತು ಹಸಿರು ಮಾರ್ಗ ಸೇರುವುದು ಅಲ್ಲೇ. ವೈಟ್‌ಫೀಲ್ಡ್‌ಗೆ ರೈಲು ಬದಲಾಯಿಸದೆ ಹೋಗಬಹುದು. ಜಯದೇವ ಆಸ್ಪತ್ರೆ, ಎಲೆಕ್ಟ್ರಾನಿಕ್ ಸಿಟಿಗೆ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರಾಯಿತು. ಆಟೊಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18, ರಾತ್ರಿ 10ರ ನಂತರ ಒಂದೂವರೆ ಪಟ್ಟು. ಅದೂ ಮೀಟರ್ ಹಾಕಿದರೆ. ಮೆಟ್ರೊದಿಂದ ದೂರದ ಅಗ್ಗದ ರೂಮು ಉಳಿಸಿದ್ದನ್ನು ಆಟೊ ತಿಂದುಹಾಕುತ್ತದೆ. ಭಾನುವಾರ ಮೆಟ್ರೊ ಶುರುವಾಗುವುದು ಬೆಳಗ್ಗೆ 7ಕ್ಕೆ. ಪರೀಕ್ಷೆಗೆ ಬರುವವರು ಇದನ್ನು ಮರೆಯಬಾರದು.

ರೋಗಿಯ ಜೊತೆ ಬಂದವರು ಲಾಡ್ಜ್ ಹುಡುಕುವ ಮೊದಲು ಆಸ್ಪತ್ರೆಯಲ್ಲೇ ಧರ್ಮಶಾಲೆ ಕೇಳಬೇಕು. ಕಿದ್ವಾಯಿ, ನಿಮ್ಹಾನ್ಸ್‌ನಂಥ ಕಡೆ ಅದಿದೆ, ಆಸ್ಪತ್ರೆಯ ಚೀಟಿ ತೋರಿಸಬೇಕಾಗುತ್ತದೆ. ರೈಲಿನಲ್ಲಿ ಬಂದವರಿಗೆ ಬೆಂಗಳೂರು ಸಿಟಿ ನಿಲ್ದಾಣದ ರಿಟೈರಿಂಗ್ ರೂಮು, ಡಾರ್ಮಿಟರಿ ಇವೆ. ಕನ್‌ಫರ್ಮ್ ಅಥವಾ ಆರ್‌ಎಸಿ ಟಿಕೆಟ್‌ನ ಪಿಎನ್‌ಆರ್ ಇದ್ದರೆ ಐಆರ್‌ಸಿಟಿಸಿಯಲ್ಲಿ ಬುಕ್ ಆಗುತ್ತದೆ. ಬೇಗ ತುಂಬುವುದರಿಂದ ಟಿಕೆಟ್ ಮಾಡಿದ ಕೂಡಲೇ ನೋಡಿ.

ಟ್ರೇನಿಂಗ್‌ಗೆಂದು ನಾಲ್ಕೈದು ದಿನ ಮಾರತ್ತಹಳ್ಳಿ, ಬಿಟಿಎಂ ಕಡೆ ಇರಬೇಕಾದರೆ ನಾನು ಹೇಳುವುದು ಪಿಜಿ (ಪೇಯಿಂಗ್ ಗೆಸ್ಟ್). ‘ಡೈಲಿ ಬೇಸಿಸ್’ ಎಂದು ಕೇಳಿದರೆ ಖಾಲಿ ಹಾಸಿಗೆಯನ್ನು ದಿನದ ಲೆಕ್ಕಕ್ಕೆ ಕೊಡುವವರಿದ್ದಾರೆ, ತಿಂಡಿ ಊಟ ಅದರಲ್ಲೇ ಬರುತ್ತದೆ. ಅಡ್ವಾನ್ಸ್ ಮಾತ್ರ ಕೊಡಬೇಡಿ, ದಿನದ ದುಡ್ಡು ದಿನಕ್ಕೆ. ಆ ಕಡೆ ಹೋಟೆಲ್ಲೇ ಬೇಕೆಂದರೆ ಶನಿವಾರ, ಭಾನುವಾರ ನೋಡಿ; ಕಂಪನಿ ಕೆಲಸಕ್ಕೆ ಬರುವವರಿಲ್ಲದೆ ದರ ಇಳಿದಿರುತ್ತದೆ. ಬೆಸ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಇದ್ದಾಗ ಉತ್ತರದ ಕಡೆ ಹುಡುಕಲೇಬೇಡಿ. ಬೆಳಗಿನ ವಿಮಾನಕ್ಕೆಂದು ದೇವನಹಳ್ಳಿ ಕಡೆ ರೂಮು ಮಾಡುವ ಅಗತ್ಯವೂ ಇಲ್ಲ, ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಕೆಐಎ-9 ಬಸ್ಸು ರಾತ್ರಿಯೂ ಇದೆ.