ನ್ಯಾನೊ ಕೀಟನಾಶಕ ಮಣ್ಣಿನ ಜೀವಿಗಳಿಗೆ ಮುಳುವಾಗದಂತೆ ಪರೀಕ್ಷಿಸುವ ಬಗೆ

ಬೆಳ್ಳಿ, ತಾಮ್ರ, ಸತುವಿನ 1ರಿಂದ 100 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಗಾತ್ರದ ಕಣಗಳುಳ್ಳ ಔಷಧಿಯನ್ನು ಸಿಂಪಡಿಸಲು ಹೊರಟ ಮಂಡ್ಯ ಭಾಗದ ರೈತರು, ಎಲೆಯ ಮೇಲಿನ ಹುಳು ಸತ್ತಿತೇ ಎಂಬುದರ ಜೊತೆಗೆ ಬೇರಿನ ಬಳಿ ಏನಾಯಿತು ಎಂಬುದನ್ನೂ ನೋಡಬೇಕು. ಕಣಗಳು ಚಿಕ್ಕದಾದಷ್ಟೂ ಅಷ್ಟೇ ತೂಕದ ಲೋಹದ ಒಟ್ಟು ಮೇಲ್ಮೈ ಹೆಚ್ಚಿ, ಅದರ ಅಯಾನುಗಳು (ವಿದ್ಯುದಾವೇಶ ಹೊತ್ತ ಪರಮಾಣುಗಳು) ಬೇಗ ಹೊರಬರುತ್ತವೆ. ಬೆಳ್ಳಿಯ ಅಯಾನು ರೋಗಾಣುವನ್ನು ಕೊಲ್ಲುವಂತೆಯೇ ಬೇರಿನ ಗಂಟುಗಳಲ್ಲಿ ನೆಲೆಸಿ ಗಿಡಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲದು. ಜೇಡಿ ಮತ್ತು ಸಾವಯವ ಅಂಶ ಹೆಚ್ಚಿರುವ ಮಣ್ಣು ಈ ಅಯಾನುಗಳನ್ನು ಬಹುಮಟ್ಟಿಗೆ ಹಿಡಿದಿಡುವುದರಿಂದ, ಮರಳುಮಿಶ್ರಿತ ಕೆಂಪು ಮಣ್ಣಿನವರು ಹೆಚ್ಚು ಎಚ್ಚರ ವಹಿಸಬೇಕು. ಲೋಹ ಕೊಳೆತು ಹೋಗುವುದಿಲ್ಲ, ಸಿಂಪರಣೆಯಿಂದ ಸಿಂಪರಣೆಗೆ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ.

ಮೊದಲು ಎರೆಹುಳುವನ್ನೇ ಕೇಳೋಣ. 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಡಬ್ಬಿಯ ನಡುವೆ ರಟ್ಟಿನ ತಡೆ ನಿಲ್ಲಿಸಿ, ಎರಡೂ ಬದಿಗೆ ನಿಮ್ಮ ಹೊಲದ್ದೇ ಮಣ್ಣನ್ನು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಹಸಿಯಾಗಿ, ತುಂಬಿರಿ. ಎಕರೆಗೆ 200 ಲೀಟರ್ ದ್ರಾವಣವೆಂದರೆ ಅರ್ಧ ಡಬ್ಬಿಯ ಪಾಲಿಗೆ ಬರುವುದು ಸುಮಾರು ಒಂದೂವರೆ ಮಿಲಿಲೀಟರ್ ಮಾತ್ರ. ಕೈಗವಸು ಧರಿಸಿ, ಅಷ್ಟನ್ನು ಸ್ವಲ್ಪ ನೀರಿನಲ್ಲಿ ಬೆರೆಸಿ ಒಂದು ಬದಿಗೆ ಹಾಕಿ, ಇನ್ನೊಂದು ಬದಿಗೆ ಅಷ್ಟೇ ಬರಿ ನೀರು ಹಾಕಿರಿ. ತಡೆ ತೆಗೆದು, ನಡುವಿನ ಗೆರೆಯಲ್ಲಿ 10 ಬಲಿತ ಹುಳುಗಳನ್ನು ಬಿಟ್ಟು, ತೂತುಗಳಿರುವ ಮುಚ್ಚಳ ಮುಚ್ಚಿರಿ. 48 ಗಂಟೆಗಳ ಬಳಿಕ ತಡೆಯನ್ನು ಮತ್ತೆ ಇಳಿಸಿ ಎಣಿಸಿದಾಗ 8 ಅಥವಾ ಹೆಚ್ಚು ಹುಳುಗಳು ಬರಿ ನೀರಿನ ಬದಿಯಲ್ಲಿದ್ದರೆ ಆ ಔಷಧಿ ಅವುಗಳಿಗೆ ಒಗ್ಗಿಲ್ಲ. ಒಂದೇ ಡಬ್ಬಿಯನ್ನು ನಂಬದೆ ಐದರಲ್ಲಿ ಮಾಡಿರಿ. ಔಷಧಿಯನ್ನೇ ಹಾಕದ ಡಬ್ಬಿಯೂ ಒಂದಿರಲಿ. ಅದರಲ್ಲಿಯೂ ಹುಳುಗಳು ಒಂದೇ ಬದಿಗೆ ಸೇರಿದರೆ ತಪ್ಪು ಮಣ್ಣಿನಲ್ಲೋ ತೇವದಲ್ಲೋ ಇದೆ. ಹುಳು ಓಡಲಿಲ್ಲವೆಂದ ಮಾತ್ರಕ್ಕೆ ಔಷಧಿ ಸುರಕ್ಷಿತವೆನ್ನಲಾಗದು, ಏಕೆಂದರೆ ಸಂತಾನದ ಮೇಲಿನ ಪರಿಣಾಮ ಕಾಣಲು ಎರಡು ತಿಂಗಳಾದರೂ ಬೇಕು.

ಆಮೇಲೆ ಹೊಲ. ಅಲಸಂದೆ ಅಥವಾ ಅವರೆಯ ಹೊಲದಲ್ಲಿ ಒಂದು ಪಟ್ಟಿಗೆ ಸಿಂಪಡಿಸದೆ ಬಿಡಿ. ಹೂ ಬಿಡುವ ಹೊತ್ತಿಗೆ ಎರಡೂ ಕಡೆಯಿಂದ ಹತ್ತು ಹತ್ತು ಗಿಡಗಳನ್ನು ಗುದ್ದಲಿಯಿಂದ ಮಣ್ಣಿನ ಹೆಂಟೆಯ ಸಮೇತ ಎತ್ತಿ ನೀರಿನಲ್ಲಿ ನೆನೆಸಿ ತೊಳೆಯಿರಿ. ಕೈಯಿಂದ ಕಿತ್ತರೆ ಬೇರಿನ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಅದು ಸಾರಜನಕ ಹಿಡಿಯುತ್ತಿದೆ. ಬಿಳಿಚಿಕೊಂಡ ಅಥವಾ ಹಸಿರಾದ ಗಂಟು ಕೆಲಸ ಮಾಡುತ್ತಿಲ್ಲ. ಸಿಂಪಡಿಸಿದ ಕಡೆ ನಸುಗೆಂಪು ಗಂಟುಗಳು ಎದ್ದು ಕಾಣುವಷ್ಟು ಕಡಿಮೆಯಿದ್ದರೆ ಮುಂದಿನ ಸಿಂಪರಣೆಯನ್ನು ತಡೆದು, ಎರಡೂ ಕಡೆಯ ಗಿಡಗಳನ್ನು ಮಂಡ್ಯದ ವಿ.ಸಿ. ಫಾರ್ಮಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿರಿ.

ನಾಲೆಯ ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಇಳಿಯುವ ಜಮೀನಾದರೆ, ಸಿಂಪಡಿಸದ ಪಟ್ಟಿ ನೀರು ಮೊದಲು ಒಳಬರುವ ಮೇಲಿನ ಮಡಿಯಲ್ಲೇ ಇರಬೇಕು. ಇಲ್ಲದಿದ್ದರೆ ಔಷಧಿ ಹರಿದು ಬಂದು ಎರಡು ಪಟ್ಟಿಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ.